ಸಂಡಿಗೆಯ ಪಕ್ಕದಲ್ಲಿ ಒಣಗಿದ ಚಿಪ್‌ಗಳು

ನಮ್ಮ ಅಡುಗೆಮನೆಯ ಸಂಡಿಗೆ ಡಬ್ಬಿಯ ಮುಚ್ಚಳದ ಒಳಬದಿಗೆ ಒಂದು ಪುಟ್ಟ ಕಾಗದದ ಪೊಟ್ಟಣ ಅಂಟಿಕೊಂಡಿದೆ. ಬಿಚ್ಚಿ ನೋಡಿದರೆ ಒಳಗೆ ಎರಡು ಅಕ್ಕಿಕಾಳು ಜೋಡಿಸಿಟ್ಟಷ್ಟು ಉದ್ದದ ಲೋಹದ ಚೂರು. ನೋಡಿದವರೆಲ್ಲ ಮೂಗುಬೊಟ್ಟು ಮುರಿದಿರಬೇಕು ಎಂದುಕೊಳ್ಳುತ್ತಾರೆ. ಬಂಗಾರದ ಲೇಪ ಅದಕ್ಕೂ ಒಂದು ಕಾಲಕ್ಕೆ ಇತ್ತು ಅನ್ನಿ. ಅದು ಸವೆದು ಹೋದದ್ದು ಯಾರಿಂದ ಎಂಬುದೇ ನಾನೀಗ ನಿಮಗೆ ಹೇಳಹೊರಟ ಸಂಗತಿ.

ಎಂಬತ್ತರ ದಶಕದ ನಡುವಿನ ಮಾತು. ಹಾನಗಲ್ಲಿನ ಒಂದು ಸಣ್ಣ ತರಬೇತಿ ಕೇಂದ್ರದಲ್ಲಿ ನಾನು ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದೆ. ನಮ್ಮವರು ಸವಣೂರಿನಲ್ಲಿ ಮಾಸ್ತರರು, ವಾರಕ್ಕೊಮ್ಮೆ ವೀಳ್ಯದೆಲೆಯ ಕಟ್ಟು ಹಿಡಿದುಕೊಂಡು ಬರುವವರು. ಉಳಿದ ದಿನ ಮನೆಯಲ್ಲಿ ಅತ್ತೆ ಮತ್ತು ನಾನು, ಇಬ್ಬರೇ. ಕೇಂದ್ರದಲ್ಲಿ ಚಿಪ್‌ನೊಳಗೆ ಪ್ರೋಗ್ರಾಂ ಬರೆಯುವ ಯಂತ್ರವೊಂದಿತ್ತು. ಚಿಪ್ಪಿನ ಕಾಲುಗಳನ್ನು ಅದರ ಸಾಕೆಟ್ಟಿನಲ್ಲಿ ಇಳಿಸಿ ಪುಟ್ಟ ಹಿಡಿಕೆ ಒತ್ತಿದರೆ ಒಳಗಿನ ಲೋಹದ ಕಾಂಟ್ಯಾಕ್ಟುಗಳು ಒಂದೊಂದು ಕಾಲನ್ನೂ ಕಚ್ಚಿ ಹಿಡಿಯುತ್ತಿದ್ದವು. ಬರೆದದ್ದನ್ನು ಅಳಿಸಬೇಕೆಂದರೆ ಚಿಪ್ಪಿನ ಬೆನ್ನ ಮೇಲಿನ ಗಾಜಿನ ಕಣ್ಣಿಗೆ ನೇರಳಾತೀತ ಬೆಳಕು ತೋರಿಸಬೇಕು. ಅದರ ದೀಪ ಸುಟ್ಟುಹೋಗಿ ತಿಂಗಳಾಗಿತ್ತು, ಹುಬ್ಬಳ್ಳಿಯಿಂದ ಹೊಸದು ಬರುವ ಲಕ್ಷಣವಿರಲಿಲ್ಲ. ಸೂರ್ಯನಿಗೇನು ಬರ ಎಂದು ನಾನು ಚಿಪ್‌ಗಳನ್ನು ಮನೆಗೆ ತಂದು, ಮಾಳಿಗೆಯ ಮೇಲೆ ಅತ್ತೆ ಹರವಿದ್ದ ಸಂಡಿಗೆಯ ಚಾಪೆಯ ಪಕ್ಕದಲ್ಲೇ ಸಾಲಾಗಿಟ್ಟೆ.

"ಇದೇನವ್ವ, ಸಾಲಗಾಲಿನ ಜರಿಹುಳಾ ಹಿಡಕೊಂಡ ಬಂದೀ?" ಅತ್ತೆ ಬಗ್ಗಿ ನೋಡಿದರು.

"ಬರದದ್ದು ಅಳಸಾಕ ಬಿಸಲಿಗಿಟ್ಟೇನ್ರಿ, ಅತ್ತಿ. ಎಂಟ ದಿನಾ ಬೇಕು. ಮಳಿ ಹನಿ ಬಂದ್ರ ಒಳಗ ಇಡ್ರಿ, ಆದ್ರ ಕಾಲು ಮುಟ್ಟಬ್ಯಾಡ್ರಿ, ಎರಡೂ ತುದಿ ಹಿಡದ ಎತ್ತರಿ."

"ಅಳಸಾಕ ಎಂಟ ದಿನಾ? ನಮ್ಮಣ್ಣ ಪಾಟಿಗೆ ಉಗುಳ ಹಚ್ಚಿ ಒಮ್ಮಿಗೇ ಒರಸ್ತಿದ್ದ!"

ಅಂದಿನಿಂದ ಅವು ಅತ್ತೆಯ ಹುಳಗಳಾದವು. ಕೋಲು ಹಿಡಿದು ಕೂತು, ಸಂಡಿಗೆಗೆ ಬರುವ ಕಾಗೆಯನ್ನು ಇವುಗಳ ಪರವಾಗಿಯೂ ಬೈಯುತ್ತಿದ್ದರು. "ಕಣ್ಣ ತೆರಕೊಂಡ ಮಲಗ್ತಾವ, ಪಾಪ," ಎಂದು ಮರುಗುತ್ತಿದ್ದರು. ಗೋಡೆಯ ನೆರಳು ಸರಿದಂತೆಲ್ಲ ಅವುಗಳನ್ನು ಬಿಸಿಲಿಗೆ ಸರಿಸುತ್ತಿದ್ದರು.

ಎಂಟು ದಿನ ಕಳೆದು, ಅಳಿಸಿದೆಯೋ ಇಲ್ಲವೋ ನೋಡಲು ಚಿಪ್‌ಗಳನ್ನು ಯಂತ್ರಕ್ಕಿಟ್ಟರೆ ಒಂದೂ ಪಾಸಾಗಲಿಲ್ಲ. ಮತ್ತೆ ಬಿಸಿಲಿಗಿಟ್ಟೆ, ಕಾಲು ಒರೆಸಿದೆ, ಉಹೂಂ. ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂದಿತ್ತು, ನನ್ನ ತಲೆ ಕಾದಿತ್ತು. ಮನೆಗೆ ಬಂದವಳೇ, ಸಂಡಿಗೆ ಹಿಟ್ಟು ಮೆತ್ತಿದ್ದ ಅವರ ಕೈ ಕಂಡು ಹರಿಹಾಯ್ದೆ.

"ಈ ಉಪ್ಪಿನ ಕೈಲೆ ಮುಟ್ಟಿ ಮುಟ್ಟಿ ಎಲ್ಲಾ ಹಾಳ ಮಾಡಿದ್ರಿ. ಓದು ಬರಾ ಗೊತ್ತಿಲ್ಲದವ್ರು ಇದರ ಗೊಡವಿಗೆ ಯಾಕ ಬರಬೇಕಿತ್ತರಿ?"

ಅತ್ತೆ ತಮ್ಮ ಕೈ ನೋಡಿಕೊಂಡರು. "ಆತವ್ವ. ಇನ್ನ ಮುಟ್ಟೂದಿಲ್ಲ ಬಿಡು."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನನ್ನ ಕಾಲ ಇಷ್ಟು ಹೊಲಸಾಗಿ ಬರುವುದೆಂದು ನಾನೆಣಿಸಿರಲಿಲ್ಲ. ಮರುದಿನ ಅವರ ಚಾಪೆ ಮಾಳಿಗೆಯ ಆ ತುದಿಗೆ ಹೋಯಿತು. ರೊಟ್ಟಿ ಬಡಿದು ಮುಚ್ಚಿಡುತ್ತಿದ್ದರು, ಮಾತಿಲ್ಲ. ಆ ಮನೆಯಲ್ಲಿ ಇನ್ನೊಬ್ಬರ ದನಿ ಇರಲಿಲ್ಲವಾದ್ದರಿಂದ ನಾಲ್ಕು ದಿನ ಗೋಡೆ ಗಡಿಯಾರದ ಸದ್ದೇ ದೊಡ್ಡದಾಯಿತು.

ಐದನೆಯ ದಿನ, ಬಿಸಿಲನ್ನೇ ಕಾಣದ ಹೊಚ್ಚಹೊಸ ಚಿಪ್ಪನ್ನು ಯಂತ್ರಕ್ಕಿಟ್ಟು ನೋಡಿದೆ. ಅದೂ ಫೇಲು! ಚಿಪ್ಪಿನದಲ್ಲ, ಸಾಕೆಟ್ಟಿನದೇ ದೋಷ ಹಾಗಾದರೆ. ಸಾಕೆಟ್ಟನ್ನೂ, ಬೀರುವಿನಲ್ಲಿದ್ದ ಹಳೆಯದೊಂದನ್ನೂ ಬಿಚ್ಚಿಕೊಂಡು ಮನೆಗೆ ತಂದು ಕಟ್ಟೆಯ ಮೇಲೆ ಕೂತೆ. ಕೇಂದ್ರದ ಇಕ್ಕಳ ದಪ್ಪನೆಯದು, ಸಂದಿಗೆ ಇಳಿಯದು. ಇಳಿಯುವಂಥದ್ದು ಅತ್ತೆಯ ಸೊಂಟದ ಡಾಬಿಗೆ ಜೋತುಬಿದ್ದಿತ್ತು, ಮುಳ್ಳು ಕೀಳುವ ಚಿಮಟಿಗೆ.

"ಅತ್ತಿ, ಚಿಮಟಿಗಿ ಕೊಡ್ರಿ," ಎಂದೆ. ನಾಲ್ಕು ದಿನಗಳಲ್ಲಿ ಮೊದಲ ಮಾತು.

ಅವರು ಅದನ್ನು ಸೆರಗಿಗೆ ಒರೆಸಿ ಕೊಟ್ಟರು. ನಾನು ಕಣ್ಣು ಕಿರಿದು ಮಾಡುವುದನ್ನು ಕಂಡು, ಕೇಳದೆಯೇ ಕೈಗನ್ನಡಿ ತಂದು ಬಿಸಿಲನ್ನು ಸಾಕೆಟ್ಟಿನ ಮೇಲೆ ಬಿಟ್ಟರು. ಆ ಬೆಳಕಿನಲ್ಲಿ ಎಲ್ಲವೂ ನಿಚ್ಚಳವಾಯಿತು. ಉಳಿದವು ಹೊಳೆಯುತ್ತಿದ್ದವು, ಮೂಲೆಯ ಒಂದೇ ಒಂದು ಕಾಂಟ್ಯಾಕ್ಟು ಲೇಪ ಕಳೆದುಕೊಂಡು ಕಂದುಬಣ್ಣಕ್ಕೆ ತಿರುಗಿ, ಪುಟಿತ ಸತ್ತು ಹಿಂದಕ್ಕೆ ವಾಲಿತ್ತು. ಹಿಡಿಕೆ ಪೂರ್ತಿ ಎತ್ತುವ ತಾಳ್ಮೆಯಿಲ್ಲದೆ ದಿನಕ್ಕೆ ಹತ್ತು ಸಲ ಉಗುರು ತೂರಿಸಿ ನಾನು ಚಿಪ್ ಕೀಳುತ್ತಿದ್ದದ್ದು ಅದೇ ಮೂಲೆಯಿಂದ.

"ನಿಮ್ಮ ಕೈದಲ್ಲರಿ ಅತ್ತಿ, ನಂದ ತಪ್ಪು. ಅವಸರಲೆ ಸೆಳದ ಸೆಳದ ನಾನ ಸವಸೇನಿ," ಎಂದೆ.

ಕನ್ನಡಿಯ ಬಿಸಿಲು ಒಮ್ಮೆ ಅಲುಗಿ ಮತ್ತೆ ನಿಂತಿತು. "ಅದಿರ್ಲಿ ಬಿಡು. ಮೊದಲ ಅದನ್ನ ಕೂಡಸು."

ಹಳೆಯ ಸಾಕೆಟ್ಟಿನಿಂದ ಒಳ್ಳೆಯದೊಂದನ್ನು ತೆಗೆದು ಕೂಡಿಸಿ ಬೆಸುಗೆ ಹಾಕಿದೆ. ಸವೆದದ್ದನ್ನು ಅಂಗಳಕ್ಕೆ ಎಸೆಯಹೋದರೆ ಅತ್ತೆ ಅಂಗೈ ಒಡ್ಡಿದರು. "ಒಗೀಬ್ಯಾಡ. ದುಡದ ಸವದೈತಿ ಅದು." ಡಬ್ಬಿಯ ಮುಚ್ಚಳಕ್ಕೆ ಪೊಟ್ಟಣ ಅಂಟಿಸಿದವರು ಅವರೇ.

ಮರುದಿನ ಚಿಪ್‌ಗಳೆಲ್ಲ ಪಾಸಾದವು. ಹೊಸದಾಗಿ ಅಳಿಸಬೇಕಾದವನ್ನು ಹಿಡಿದು ಅಳುಕುತ್ತ ಮಾಳಿಗೆ ಹತ್ತಿದೆ. ಅತ್ತೆಯ ಚಾಪೆ ಮೊದಲಿನ ಜಾಗಕ್ಕೆ ಬಂದಿತ್ತು, ಪಕ್ಕದಲ್ಲಿ ಒಂದು ಗೇಣು ನೆಲ ಗುಡಿಸಿ ಬಿಟ್ಟಿದ್ದರು.

"ತಾ ಇಲ್ಲೆ," ಎಂದು ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು, ಒಂದೊಂದನ್ನೇ ಹೂವಿನಂತೆ ಎತ್ತಿಟ್ಟರು. "ಓದು ಬರಾ ನನಗ ಗೊತ್ತಿಲ್ಲ, ಖರೆ. ನೀ ಹೇಳಿದ್ದು ನೆನಪೈತಿ. ಎರಡೂ ತುದಿ ಹಿಡದ ಎತ್ತಬೇಕು, ಹೌದಿಲ್ಲೋ?"

ಅವರ ಕಾಲ ಬಳಿ ಕೂತು ಅತ್ತುಬಿಟ್ಟೆ, ಅವರು ಒಂದು ಕೈಯಿಂದ ನನ್ನ ತಲೆ ಸವರುತ್ತ ಇನ್ನೊಂದರಿಂದ ಕಾಗೆ ಓಡಿಸಿದರು.

ಅತ್ತೆ ಹೋಗಿ ವರ್ಷಗಳಾದವು. ಈಗ ಸಂಡಿಗೆ ಹರವುವವಳು ನಾನು. ಡಬ್ಬಿ ತೆರೆದಾಗಲೆಲ್ಲ ಆ ಪೊಟ್ಟಣ ಮುಟ್ಟಿ ನೋಡುತ್ತೇನೆ, ಬೆರಳುಗಳನ್ನು ಮೊದಲು ಸೆರಗಿಗೆ ಒರೆಸಿಕೊಂಡು.