ಗೊರಾಯಿಯ ಬಸಿಗಾಲುವೆ

ಲಾಕ್‌ಡೌನ್ ಮುಗಿದ ಮರುವರ್ಷ ನಾನು ವಿಕ್ರೋಳಿಯ ಮಣ್ಣು ಪರೀಕ್ಷಾ ಪ್ರಯೋಗಾಲಯವೊಂದರಲ್ಲಿ ಹಿರಿಯ ರಸಾಯನತಜ್ಞೆಯಾಗಿದ್ದೆ. ಆ ಬೇಸಿಗೆಯಲ್ಲಿ ಮೆಹಬೂಬಸಾಬ್ ಎಂಬ ತರಕಾರಿ ಬೆಳೆಗಾರರು ಮಣ್ಣಿನ ಚೀಲ, ಬಾವಿ ನೀರಿನ ಬಾಟಲಿ ಹೊತ್ತು ಬಂದರು. ವಿಜಯಪುರದ ಕಡೆಯವರು. ಗೊರಾಯಿಯಲ್ಲಿ, ಸಮುದ್ರದ ನೀರು ಒಳಬರುವ ಖಾಡಿಯ ಹತ್ತಿರ, ಲಾವಣಿಗೆ, ಅಂದರೆ ಗುತ್ತಿಗೆಗೆ, ಹೊಲ ಮಾಡಿದ್ದರು.

"ಮೆಂತೆ ಎಲಿ ಸುಟ್ಟಂಗ ಆಗ್ಯಾವ್ರಿ ಮ್ಯಾಡಮ್. ಬಾವಿ ನೀರ ಬಾಯಾಗ ಇಡಾಕ ಬರಂಗಿಲ್ಲ."

ಪರೀಕ್ಷೆಯಲ್ಲಿ ನೀರು ಉಪ್ಪೆಂದು ಬಂತು, ಆದರೆ ಕೈಬಿಡುವಷ್ಟು ಅಲ್ಲ. ಬೇಸಿಗೆಯಲ್ಲಿ ಅರ್ಧ ಹೊಲವನ್ನಷ್ಟೇ ಬಿತ್ತಬೇಕು, ಡ್ರಿಪ್‌ನಲ್ಲಿ ನೀರು ಕೊಡಬೇಕು, ಮೆಂತೆ ಬಿಟ್ಟು ಉಪ್ಪು ತಾಳಿಕೊಳ್ಳುವ ಪಾಲಕ್, ಬೀಟ್‌ರೂಟ್ ಹಾಕಬೇಕು. ಮಳೆಗಾಲದಲ್ಲಿ ಬದು ಕಟ್ಟಿ ನೀರು ನಿಲ್ಲಿಸಿದರೆ ಬೇರಿನ ಸುತ್ತಲ ಉಪ್ಪು ಕೆಳಗಿಳಿಯುತ್ತದೆ. ಅದು ಮತ್ತೆ ಮೇಲೇರದಂತೆ ಹೊರಗೆ ಸಾಗಿಸಲು ಬಸಿಗಾಲುವೆ ಬೇಕು. ಇದನ್ನೆಲ್ಲ ಬರೆದುಕೊಟ್ಟೆ.

ಹೊಲದ ಇಳಿಜಾರು ಇದ್ದದ್ದು ಪಕ್ಕದ ಗಂಗವ್ವನವರ ಹೊಲದ ಕಡೆಗೆ. ಅದರಾಚೆಗೇ ಖಾಡಿ, ಕಾಲುವೆ ಅವರ ಹೊಲ ದಾಟಿಯೇ ಹೋಗಬೇಕಿತ್ತು. ಬೆಳಗಾವಿಯ ಈ ಹೆಂಗಸು ಗಂಡ ತೀರಿಕೊಂಡ ಮೇಲೆ ಒಬ್ಬರೇ ಸೊಪ್ಪು ಬೆಳೆದು ಬೋರಿವಲಿಗೆ ಕಳಿಸುತ್ತಿದ್ದರು. ಕಾಲುವೆಯ ಗುರುತು ಹಾಕಲು ನಾನು ದೋಣಿಯಲ್ಲಿ ಖಾಡಿ ದಾಟಿ ಮೆಹಬೂಬಸಾಬರ ಜೊತೆ ಹೋದಾಗ ಅವರು ಗುದ್ದಲಿ ಹಿಡಿದು ಬದುವಿನ ಮೇಲೆ ನಿಂತಿದ್ದರು.

"ಇವನ ಉಪ್ಪು ನನ್ನ ಹೊಲದಾಗ ಹರೀಬೇಕೇನ? ಮೊದಲ ಬಾವಿ ಕೆಡಿಸಿದ, ಈಗ ಭೂಮಿ. ನೀವು ಅವನ ಕಡೆಯವರು, ನಡೀರಿ ಇಲ್ಲಿಂದ."

"ಸುಳ್ಳ ಹೇಳ್ತಾಳ್ರಿ. ಆಕಿ ಬಾವಿ ಮೊದಲಿಂದನೂ ಹಂಗ ಐತಿ," ಎಂದರು ಮೆಹಬೂಬಸಾಬ್.

ವಾದ ಮಾಡಿ ಪ್ರಯೋಜನವಿರಲಿಲ್ಲ. ಗಂಗವ್ವನವರನ್ನು ಒಪ್ಪಿಸಿ, ಉಪ್ಪಿನಂಶ ತೋರಿಸುವ ಮೀಟರನ್ನು ಅವರ ಕಣ್ಣೆದುರೇ ಅವರ ಬಾವಿಗೆ ಇಳಿಬಿಟ್ಟೆ. ಮೆಹಬೂಬಸಾಬರ ದೊಡ್ಡ ಪಂಪ್ ಓಡುತ್ತಿದ್ದಷ್ಟು ಹೊತ್ತೂ ಅಂಕಿ ಏರುತ್ತ ಹೋಯಿತು. ನಿಲ್ಲಿಸಿದ ಮೇಲೆ ನಿಧಾನವಾಗಿ ಇಳಿಯಿತು. ಸಿಹಿನೀರು ಬರಿದಾದ ಜಾಗಕ್ಕೆ ಖಾಡಿಯ ನೀರು ನೆಲದೊಳಗಿಂದ ನುಗ್ಗುತ್ತಿತ್ತು.

"ಗಂಗವ್ವ ಹೇಳೋದು ಖರೇ ಅದ," ಎಂದೆ.

ಮೆಹಬೂಬಸಾಬರ ಮುಖ ಗಡುಸಾಯಿತು. "ನಿಮ್ಮನ್ನ ಕರಕೊಂಡ ಬಂದಾಂವ ನಾನ್ರಿ. ಪಂಪ್ ಬಂದ್ ಮಾಡಿ ಬೆಳಿ ಒಣಗಿಸ್ಲೇನು?"

"ಈಗ ಆಕಿ ಬಾವಿಗೆ ಬಂದದ್ದು ನಿಮ್ಮದಕ್ಕೂ ಬಂದದ. ಇದ ಪಂಪ್ ಹಿಂಗ ಓಡಿದ್ರ ಮುಂದ ಪಾಲಕ್ ಕೂಡ ಬರೂದಿಲ್ಲ."

ಅವತ್ತು ಇಬ್ಬರೂ ನನ್ನನ್ನು ಬೈದೇ ಕಳಿಸಿದರು. ಒಂದು ವಾರದ ನಂತರ ಫೋನ್ ಮಾಡಿದವರು ಗಂಗವ್ವ. ಕಾಲುವೆಗೆ ಜಾಗ ಕೊಡಲು ಅವರ ಷರತ್ತುಗಳು ಸ್ಪಷ್ಟವಾಗಿದ್ದವು: ದೊಡ್ಡ ಪಂಪ್ ತೆಗೆದು ಸಣ್ಣದು ಹಾಕಬೇಕು, ತಮ್ಮ ಹೊಲದಲ್ಲಿ ತೆರೆದ ಕಾಲುವೆ ಕೂಡದು, ಮುಚ್ಚಿದ ಪೈಪ್ ಆಗಬೇಕು, ಸಮುದ್ರ ಉಬ್ಬಿದಾಗ ಭರತದ ನೀರು ಹಿಂದೆ ನುಗ್ಗದಂತೆ ಪೈಪಿನ ಬಾಯಿಗೆ ಬಾಗಿಲಿರಬೇಕು. ಮೆಹಬೂಬಸಾಬ್ ಗೊಣಗುತ್ತಲೇ ಎಲ್ಲಕ್ಕೂ ಒಪ್ಪಿದರು.

ಮಳೆಗಾಲ ಕಳೆದ ಮೇಲೆ ನಾನು ಹೋದಾಗ ಮೆಹಬೂಬಸಾಬರ ಮಣ್ಣಿನ ಮೇಲಿನ ಉಪ್ಪಿನ ಬಿಳಿ ಪದರು ಹೋಗಿತ್ತು. ಗಂಗವ್ವ ತಮ್ಮ ಹೊಲದ ಬಸಿನೀರನ್ನೂ ಅದೇ ಪೈಪಿಗೆ ಸೇರಿಸಿಕೊಂಡಿದ್ದರು. ಮೆಹಬೂಬಸಾಬರ ಜೊತೆ ಮಾತು ಶುರುವಾಯಿತೇ ಎಂದು ಅವರನ್ನು ಕೇಳಿದೆ.

"ಅವನ ಕೂಡ ಎಂಥಾ ಮಾತ್ರೀ? ಪಂಪ್ ಸಣ್ಣದ ಮಾಡ್ಯಾನ, ಸಾಕು."

ಅವರಿಬ್ಬರನ್ನು ರಾಜಿ ಮಾಡಿಸಲು ನನ್ನಿಂದಾಗಲಿಲ್ಲ. ಆದರೆ ಉಪ್ಪು ನೀರಿನ ಪ್ರಕರಣ ಯಾವುದೇ ಬಂದರೂ, ಅಂದಿನಿಂದ ನಾನು ದೂರು ತಂದವರ ಬಾವಿ ನೋಡುವ ಮೊದಲು ನೀರು ಇಳಿದುಹೋಗುವ ಪಕ್ಕದ ಹೊಲಕ್ಕೆ ಹೋಗುತ್ತೇನೆ. ಅಲ್ಲಿಯವರು ಬೈಯುವುದನ್ನು ಪೂರ್ತಿ ಕೇಳಿಸಿಕೊಂಡ ಮೇಲೆಯೇ ಸಲಹೆ ಬರೆಯುತ್ತೇನೆ.