ಹೋದ ಗಾಡಿಯಲ್ಲೇ ವಾಪಸ್ಸು

ದೊಡ್ಡಮ್ಮ, ನಾನು ನಿನಗೆ ಸುಳ್ಳು ಹೇಳಿದೆ. ದೆಹಲಿಗೆ ನೀನು ಹೋದ ವಿಮಾನವೇ ಬೇರೆ, ವಾಪಸ್ಸು ಬಂದದ್ದೇ ಬೇರೆ.

ದೆಹಲಿಯಲ್ಲಿ ನಿನ್ನ ಮಗಳು ಸುಜಾತಕ್ಕನ ಮೊದಲ ಹೆರಿಗೆ. ಮಗಳ ಬಾಣಂತನಕ್ಕೆ ಹೋದವರು ಹೋದ ಗಾಡಿಯಲ್ಲೇ ಮರಳಬೇಕು — ನಮ್ಮ ಮನೆಯ ಪದ್ಧತಿ. ಅಜ್ಜಿಯಂತೂ ಮಳವಳ್ಳಿಯಿಂದ ಮದ್ದೂರಿಗೆ ಹೋದ ಎತ್ತಿನ ಗಾಡಿಯನ್ನು ಬಾಣಂತನ ಮುಗಿಯುವವರೆಗೂ ಅಲ್ಲೇ ನಿಲ್ಲಿಸಿಕೊಂಡಿದ್ದರಂತೆ! ನೀನೂ ಜಗಲಿಯ ಮೇಲೆ ಕೂತು ಪಟ್ಟು ಹಿಡಿದೆ.

"ಇಮಾನ ಓಗಿದ್ದೇ ವಾಪಸ್ ಬತ್ತದಾ? ಇಲ್ಲಾಂದ್ರೆ ನಾ ಬರಾಕಿಲ್ಲ, ಬುಡು."

"ಅದೇ ಬತ್ತದೆ ಕಣ್ ದೊಡ್ಡಮ್ಮ. ನಂಬರ್ ಆಕೋಳೇ ನಾನು" — ಎಂದುಬಿಟ್ಟೆ.

ವಿಮಾನ ಕಂಪನಿಯಲ್ಲಿ ನಂಬರು ಹಾಕುವುದು ನನ್ನ ಕೆಲಸ, ಅಷ್ಟು ನಿಜ. ಆದರೆ ಆ ನಂಬರು ವಿಮಾನದ್ದಲ್ಲ, ಪ್ರಯಾಣದ್ದು. ಹೋಗುವುದಕ್ಕೆ ಬೆಸ, ಬರುವುದಕ್ಕೆ ಸಮ; ನೀನು ಹೋದದ್ದು ನಾನೂರ ಹನ್ನೊಂದರಲ್ಲಿ, ಬಂದದ್ದು ನಾನೂರ ಹನ್ನೆರಡರಲ್ಲಿ. ಅಂದು ಯಾವ ವಿಮಾನ ಬಿಡುವಾಗಿದೆಯೋ ಅದು ಆ ನಂಬರು ಹೊತ್ತು ಹಾರುತ್ತದೆ. ನಾಲ್ಕು ಅಂಕಿಗಿಂತ ಹೆಚ್ಚಿಗೆ ಜಾಗವಿಲ್ಲ. ಅದರಲ್ಲೂ ಸರಕಿಗೊಂದಿಷ್ಟು, ಹೊರದೇಶಕ್ಕೊಂದಿಷ್ಟು ತೆಗೆದಿಟ್ಟರೆ ಉಳಿಯುವುದು ಕಡಿಮೆ. ನಮ್ಮೂರಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಟ್ಟಂತೆ ಹಳೆಯ ನಂಬರನ್ನೇ ಹೊಸ ದಾರಿಗೆ ಇಡುತ್ತೇವೆ.

ಇದನ್ನು ಅಂದೇ ಹೇಳಬಹುದಿತ್ತು. ಹೇಳಲಿಲ್ಲ. ಹೋಗುವಾಗ ನೀನು ಸೀಟಿನ ಕೈಗೆ ಅರಿಶಿನ ಹಚ್ಚಿದ್ದೆ, ವಾಪಸ್ಸು ಬಂದವಳು ಬೆಂಗಳೂರಿನ ನಿಲ್ದಾಣದಲ್ಲಿ ನನ್ನ ಕೆನ್ನೆ ಹಿಂಡಿ, "ನಾನಿಟ್ಟ ಅರಿಸಿಣ ಅಂಗೇ ಅದೆ ಕಣಮ್ಮಿ!" ಎಂದೆ. ಯಾವ ಪುಣ್ಯಾತ್ಮ ಚಿತ್ರಾನ್ನ ತಿಂದು ಕೈ ಒರೆಸಿದ್ದನೋ! ನಾನು ಹೊಟ್ಟೆ ಹಿಡಿದು ನಕ್ಕೆ. ಸಂತೋಷಕ್ಕೆ ನಗುತ್ತಿದ್ದೇನೆ ಎಂದುಕೊಂಡು ನೀನೂ ನಕ್ಕೆ. ಆಮೇಲೆ ನಮ್ಮ ಹುಡುಗಿ ನನಗಾಗಿ ವಿಮಾನ ಕಟ್ಟಿಹಾಕಿಸಿದ್ದಳು ಎಂದು ನೀನು ಊರಿಗೆಲ್ಲ ಸಾರಿದೆ. ಹಾಲಿನ ಡೇರಿಯ ಮುಂದೆ ಇಂದಿಗೂ ನನ್ನನ್ನು 'ನಾನೂರ ಹನ್ನೊಂದು' ಎಂದೇ ಕರೆಯುತ್ತಾರೆ. ನಾನೂ ನಾಚಿಕೆಯಿಲ್ಲದೆ ಓಗೊಡುತ್ತೇನೆ.

ಈಗ ಅಕ್ಕನಿಗೆ ಎರಡನೆಯದು. ಎಂಥ ಸಂಭ್ರಮ ನಿನಗೆ! ಮೊನ್ನೆ ಫೋನಿನಲ್ಲಿ, "ಅದೇ ಗಾಡಿ ಆಕ್ಸವ್ವ" ಎಂದೆ.

ದೊಡ್ಡಮ್ಮ — ನಾನೂರ ಹನ್ನೊಂದು ಈಗ ಪಟ್ನಾಕ್ಕೆ ಹೋಗುತ್ತದೆ. ಬದಲಿಸಿದವಳೂ ನಾನೇ.

ನಂಬರು ಹೊಸದು, ಗಾಡಿ ಹಳೆಯದೇ ಎನ್ನುವ ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು ಕೂಡ... ನುಂಗಿಕೊಂಡೆ. ನಿನ್ನ ಪದ್ಧತಿಯನ್ನು ನಿನಗೇ ತಿಳಿಯದಂತೆ ಮುರಿದದ್ದು ತಪ್ಪು. ಈ ಸಲವೂ ಹೋದ ವಿಮಾನವೇ ಬರುವುದಿಲ್ಲ. ತಿಳಿದೇ ತೀರ್ಮಾನ ಮಾಡು. ಹೊರಡುವುದಾದರೆ ದೆಹಲಿಗೆ ಬಿಟ್ಟು ಬರುವವಳೂ ನಾನೇ, ಕರೆತರುವವಳೂ ನಾನೇ — ರಜೆ ಕೇಳಿದ್ದೇನೆ. ಬರುವುದಿಲ್ಲ ಎಂದರೆ, ಅಮ್ಮ ಯಾಕೆ ಬರಲಿಲ್ಲವೆಂದು ಅಕ್ಕನಿಗೆ ಹೇಳುವವಳೂ ನಾನೇ.