ಒಳಗೆ ಹೋದ ಲಾಡಿ

ಇವತ್ತು ಬೆಳಿಗ್ಗೆ ಅರ್ಧ ಗಂಟೆ ಒಂದು ಪೈಜಾಮದ ಜೊತೆ ಗುದ್ದಾಡಿದೆ. ಅಂಗಡಿಯಿಂದ ತಂದ ರೆಡಿಮೇಡ್ ಪೈಜಾಮ. ಒಂದು ಸಲ ಒಗೆಯುವಷ್ಟರಲ್ಲಿ ಲಾಡಿಯ ತುದಿ ಒಳಗೆ ನುಗ್ಗಿಬಿಟ್ಟಿತ್ತು. ನಿಮಗೂ ಆಗಿರುತ್ತದೆ, ಹೇಳಿಕೊಳ್ಳುವುದಿಲ್ಲ ಅಷ್ಟೆ. ಪಿನ್ನು ತೂರಿಸಿ, ಬಟ್ಟೆಯ ಮೇಲಿಂದ ತಡಕಿ, ಇನ್ನೇನು ಸಿಕ್ಕಿತು ಅನ್ನುವಾಗ ಅದು ಮತ್ತಷ್ಟು ಒಳಕ್ಕೆ ಜಾರುತ್ತದೆ. ಮೂವತ್ತು ವರ್ಷ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ಅರೆದು ಕುಡಿಸಿದ ನನಗೆ ಒಂದು ಲಾಡಿ ಬಗ್ಗಲಿಲ್ಲ. ಖಾದರ್ ಸಾಬರು ಹೊಲಿದ ಪೈಜಾಮದಲ್ಲಿ ಹೀಗೆ ಆಗುತ್ತಲೇ ಇರಲಿಲ್ಲ. ಅವರು ಎರಡೂ ತುದಿಗೆ ಗಂಟು ಹಾಕಿಯೇ ಕೊಡುತ್ತಿದ್ದರು. ಮುಳಬಾಗಿಲಿನ ನಮ್ಮ ಬೀದಿಯಲ್ಲೇ, ನಾಲ್ಕು ಮನೆ ಆಚೆಗೆ ಅವರ ಅಂಗಡಿ. ಆದರೂ ನಾನು ರೆಡಿಮೇಡ್ ತರುತ್ತೇನೆ. ಯಾಕೆ ಅನ್ನುವುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಸಾಬರಿಗೊಂದು ಮಾತಿತ್ತು. ಹರಿದ ಬಟ್ಟೆಯನ್ನು ತಿಂಗಳು ಬಿಟ್ಟು ತಂದವರಿಗೆಲ್ಲ ಅದೇ ಮಾತು: "ಹೊಲಿಗೆ ಬಿಚ್ಚಿದ ದಿನಾನೇ ತರ್ಬೇಕು. ತಡ ಆದ್ರೆ ಬಟ್ಟೆ ಮುದುರ್ಕೊಳ್ತದೆ, ಜೋಡ್ಸೋಕೆ ಹೋದ್ರೆ ಸಾಲಲ್ಲ." ನನಗೂ ಎಷ್ಟೋ ಸಲ ಹೇಳಿದ್ದಾರೆ. ಆಗ ಅದು ಬರೀ ಬಟ್ಟೆಯ ಮಾತಾಗಿತ್ತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ದೇವರಾಯಸಮುದ್ರದಲ್ಲಿ ನೆಂಟರ ಮದುವೆಗೆ ಹೋದ ಸಾಬರು ಕೈಕಾಲು ತೊಳೆಯಲು ಕೆರೆಗೆ ಇಳಿದಿದ್ದಾರೆ. ಪಾಚಿಕಟ್ಟಿದ ಕಲ್ಲು. ಬಲಗಾಲು ನೆಟ್ಟಗೆ ಮುಂದಕ್ಕೆ ಜಾರಿತು, ಎಡಗಾಲು ಹಿಂದೆಯೇ ಉಳಿಯಿತು. "ಟರ್ರ್ ಅಂತು ಮೇಷ್ಟ್ರೇ. ಪ್ಯಾಂಟ್ ಹೋಯ್ತು ಅನ್ಕೊಂಡೆ. ನೋಡಿದ್ರೆ ಪ್ಯಾಂಟ್ ಚೆನ್ನಾಗೇ ಐತೆ" ಎಂದು ನಗಲು ನೋಡಿದರು. ತೊಡೆಯ ಹಿಂಭಾಗ ಮಂಡಿಯವರೆಗೆ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಕೂರಲು ಆಗುತ್ತಿರಲಿಲ್ಲ. ದರ್ಜಿ ಕೂರದೆ ಏನು ಮಾಡುತ್ತಾನೆ ಹೇಳಿ.

ಕೋಲಾರದ ಕಡೆಯ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನೇ. ಅಲ್ಲಿನ ಮೂಳೆ ಡಾಕ್ಟರು ಕೇರಳದವರು, ಇಂಗ್ಲಿಷ್ ಬಿಟ್ಟರೆ ನಮ್ಮ ಮಾತು ಯಾವುದೂ ಬಾರದು. ನನಗೋ ಒಳಗೊಳಗೇ ಖುಷಿ. ಸಾಬರ ಹೆಂಡತಿ ನೂರ್ ಬೀ ನನ್ನ ಬಾಯನ್ನೇ ನೋಡುತ್ತ ನಿಂತಿದ್ದಾರೆ. ಡಾಕ್ಟರು ವಿವರವಾಗಿ, ನಿಧಾನವಾಗಿ ಹೇಳಿದರು. ಟೆಂಡನ್ ಕುಂಡಿಯ ಮೂಳೆಯಿಂದ ಕಿತ್ತುಬಂದಿದೆ. ಕೆಲವೇ ವಾರಗಳಲ್ಲಿ ಮೂಳೆಗೆ ಹೊಲಿದುಬಿಟ್ಟರೆ ಒಳ್ಳೆಯದು. ಪಕ್ಕದಲ್ಲೇ ಕಾಲಿನ ದೊಡ್ಡ ನರ್ವ್ ಇದೆ, ಅದನ್ನು ಜೋಪಾನ ಮಾಡುತ್ತೇವೆ. ಅದಕ್ಕೆ ಏಟಾದರೆ ಪಾದ ಎತ್ತಲು ಆಗುವುದಿಲ್ಲ, ಆದರೆ ಹಾಗಾಗುವುದು ಅಪರೂಪ.

ನಾನು ಕನ್ನಡದಲ್ಲಿ ಹೇಳಿದೆ: "ನರ ಕಿತ್ತುಹೋಗಿದೆಯಂತೆ ಸಾಬ್ರೇ. ಆ ನರಾನ ಹೊಲೀತಾರಂತೆ. ನರಕ್ಕೆ ಏಟು ಬಿದ್ರೆ ಪಾದ ಎತ್ತೋಕಾಗಲ್ವಂತೆ."

ನಮ್ಮ ಕಡೆ ಎಲ್ಲವೂ ನರವೇ. ಕತ್ತು ಉಳುಕಿದರೆ ನರ, ಕೈಮೇಲೆ ಹಸಿರಾಗಿ ಉಬ್ಬಿದರೆ ನರ, ತೆಲುಗಿಗೆ ಹೋದರೂ ನರಮೇ. ಮಾಂಸವನ್ನು ಮೂಳೆಗೆ ಬಿಗಿಯುವ ಟೆಂಡನ್ನೂ ನರ, ಕಾಲನ್ನು ಆಡಿಸುವ ನರ್ವೂ ನರ. ಸಾಬರು ಕೇಳಿದ್ದು ಒಂದೇ ನರದ ಕಥೆ: ಅದನ್ನೇ ಸೂಜಿಯಿಂದ ಚುಚ್ಚಿ ಹೊಲಿಯುತ್ತಾರೆ, ಅದಕ್ಕೇ ಏಟಾದರೆ ಕಾಲು ಹೋಯಿತು. "ಅಪರೂಪ" ಅನ್ನುವುದನ್ನು ನಾನು ಹೇಳಿದೆನೋ ಇಲ್ಲವೋ, ನೆನಪಿಲ್ಲ.

"ಪಾದ ಹೋದ್ರೆ ಮಿಷನ್ ಹೋಯ್ತು ಮೇಷ್ಟ್ರೇ. ಬೇಡ" ಅಂದರು. ವಾಪಸು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಬಂದರು.

ಆಮೇಲಿನ ಎರಡು ವರ್ಷ ಅವರು ಪಟ್ಟ ಪಾಡು ನನ್ನ ಕಣ್ಣೆದುರಿಗೇ ಇತ್ತು. ದಿಂಬಿನ ಬಲಭಾಗವನ್ನು ಕತ್ತರಿಸಿ ತೆಗೆದು, ಎಡಗಡೆ ಮಾತ್ರ ಊರಿ ಓರೆಯಾಗಿ ಕೂರುತ್ತಿದ್ದರು. ಹತ್ತು ನಿಮಿಷಕ್ಕೆ ಎದ್ದು ಗೋಡೆ ಹಿಡಿಯುವುದು. ಶ್ರೀನಿವಾಸಪುರದ ಕಡೆಯಿಂದ ಯಾರೋ ತಂದುಕೊಟ್ಟ ಎಣ್ಣೆ ತಿಕ್ಕಿ ತಿಕ್ಕಿ ಅಂಗಡಿಯೆಲ್ಲ ಅದೇ ವಾಸನೆ. ಎರಡನೇ ವರ್ಷ ಕಾಲು ಜೋಮು ಹಿಡಿಯತೊಡಗಿತು. ಮೆಟ್ಟಿಲು ಇಳಿಯುವಾಗ ನೂರ್ ಬೀ ಹಿಂದಿನಿಂದ ಅಂಗಿ ಹಿಡಿದುಕೊಳ್ಳುತ್ತಿದ್ದರು. ಊರಿನ ಅರ್ಧ ಜನ ಬೇರೆ ದರ್ಜಿ ನೋಡಿಕೊಂಡರು.

ಒಂದು ದಿನ ವಿಜ್ಞಾನದ ಮೇಷ್ಟ್ರು ಬರಲಿಲ್ಲ. ಅವರ ಪೀರಿಯಡ್ಡಿಗೆ ನನ್ನನ್ನು ತಳ್ಳಿದರು. ಓದಿಸಿದರಾಯಿತು ಎಂದು ಹುಡುಗಿಯೊಬ್ಬಳನ್ನು ಎಬ್ಬಿಸಿದೆ. "ಸ್ನಾಯುಗಳನ್ನು ಮೂಳೆಗೆ ಜೋಡಿಸುವ ಗಟ್ಟಿಯಾದ ಪಟ್ಟಿಯೇ ಸ್ನಾಯುರಜ್ಜು" ಎಂದು ಓದಿದಳು. ಪಕ್ಕದ ಪುಟದಲ್ಲಿ ನರದ ಚಿತ್ರ ಬೇರೆಯೇ ಇತ್ತು. ಡಾಕ್ಟರು ಹೇಳಿದ ಟೆಂಡನ್ ಅಂದರೆ ಇದೇ. ಮಕ್ಕಳಿಗೆ ಗೊತ್ತಿದ್ದ ಪದ ಆವತ್ತು ನನ್ನ ಬಾಯಿಗೆ ಬಂದಿರಲಿಲ್ಲ.

ನಾಲ್ಕು ದಿನ ಅಂಗಡಿಯ ಮುಂದೆ ಹೋಗದೆ ಸುತ್ತುದಾರಿ ಹಿಡಿದೆ. ಐದನೆಯ ದಿನ ಹೋದೆ. ಎಲ್ಲ ಬಿಡಿಸಿ ಹೇಳಿದೆ, ಒಂದನ್ನು ಬಿಟ್ಟು. "ಆವತ್ತು ಆ ಡಾಕ್ಟ್ರು ಸರಿಯಾಗಿ ಹೇಳಲೇ ಇಲ್ಲ ಸಾಬ್ರೇ" ಅಂದೆ. ನಾಲಗೆ ತಾನಾಗಿಯೇ ಹೊರಳಿತು. ಎಂಥ ಹೇಡಿ ನಾನು.

ಸಾಬರು ಸ್ವಲ್ಪ ಹೊತ್ತು ಟೇಪು ಸುತ್ತಿದರು, ಬಿಚ್ಚಿದರು. "ಅಂದ್ರೆ ನನ್ನ ಲಾಡಿ ಒಳಗೆ ಹೋಗೈತೆ ಅನ್ನಿ" ಎಂದರು. ನನ್ನ ಇಂಗ್ಲಿಷಿಗೂ ಪುಸ್ತಕದ ಸ್ನಾಯುರಜ್ಜುವಿಗೂ ನಿಲುಕದ್ದು ಅವರಿಗೆ ಒಂದೇ ಮಾತಿನಲ್ಲಿ ಸಿಕ್ಕಿತ್ತು. "ಪರ್ವಾಲೇದು ಮೇಷ್ಟ್ರೇ." ಪರವಾಗಿಲ್ಲ ಎಂದು ಮಾತು ಮುಗಿಸಬೇಕಾದಾಗ ನಾವೆಲ್ಲ ತೆಲುಗಿಗೆ ಇಳಿಯುತ್ತೇವೆ.

ಮತ್ತೆ ಅದೇ ಆಸ್ಪತ್ರೆ, ಅದೇ ಡಾಕ್ಟರು. ಈ ಸಲ ಅವರ ಮುಖದಲ್ಲಿ ಮೊದಲಿನ ಸಲೀಸು ಇರಲಿಲ್ಲ. ಕಿತ್ತ ತುದಿ ಮಂಡಿಯ ಕಡೆಗೆ ಕುಗ್ಗಿಹೋಗಿದೆ, ಗಾಯದ ಗಂಟು ನರಕ್ಕೇ ಅಂಟಿಕೊಂಡಿದೆ. ಮೊದಲು ನರವನ್ನು ಕೂದಲೆಳೆ ಬಿಡಿಸುವ ಹಾಗೆ ಎಚ್ಚರದಿಂದ ಬಿಡಿಸಬೇಕು. ತುದಿ ಮೂಳೆಯವರೆಗೆ ಎಟುಕದಿದ್ದರೆ ಬೇರೆ ಕಡೆಯಿಂದ ತುಂಡು ತಂದು ಜೋಡಿಸಬೇಕು. ಅಪರೂಪವಾಗಿದ್ದ ಅಪಾಯ ಈಗ ಅಪರೂಪವಾಗಿರಲಿಲ್ಲ. ಮುಂದಿನದನ್ನು ಕೇಳಲಾಗದೆ, ಚೀಟಿ ಮಾಡಿಸುವ ನೆಪದಲ್ಲಿ ಎದ್ದು ಬಂದೆ. ಉಳಿದದ್ದನ್ನು ತೆಲುಗು ಬಲ್ಲ ನರ್ಸಮ್ಮ ಸಾಬರಿಗೆ ಹೇಳಿದರು.

ಆಪರೇಷನ್ ದಿನ ಬಾಗಿಲ ಮುಂದೆ ಬೆಂಚಿನ ಮೇಲೆ ನಾನು, ನೂರ್ ಬೀ. ಎರಡು ಗಂಟೆ ಎಂದಿದ್ದರು, ನಾಲ್ಕಾಯಿತು. ಆಕೆ ತಸ್ಬಿ ಮಣಿ ಎಣಿಸುತ್ತಿದ್ದವರು ಒಮ್ಮೆ ನಿಲ್ಲಿಸಿ, "ಪಾದ ಎತ್ತುತಾರಾ ಮೇಷ್ಟ್ರೇ?" ಎಂದು ಕೇಳಿದರು.

ಸಂಜೆ ನರ್ಸಮ್ಮ ಹೊದಿಕೆ ಸರಿಸಿ, "ಕಾಲಿ ವೇಲು ಕದುಪು ತಾತಾ" ಎಂದರು, ಕಾಲ್ಬೆರಳು ಅಲ್ಲಾಡಿಸು ಎಂದು. ಏನೂ ಆಗಲಿಲ್ಲ. ಮತ್ತೆ ಹೇಳಿದರು. ನಾನು ಮಂಚದ ಕಂಬಿ ಹಿಡಿದುಕೊಂಡೆ. ಆಮೇಲೆ ಹೆಬ್ಬೆರಳು ಅಲುಗಿತು, ಹಿಂದೆಯೇ ಪಾದ ಮೇಲಕ್ಕೆ ಬಾಗಿತು. ನೂರ್ ಬೀ ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಮಂಡಿ ಮಡಿಸಿ ಪಟ್ಟಿ ಬಿಗಿದುಕೊಂಡು ವಾರಗಟ್ಟಲೆ ಇದ್ದರು. ನೋವು ಹೋಯಿತು, ಕೂರಲು ಬಂತು. ಆದರೆ ಪೆಡಲು ತುಳಿಯುವ ಬಲ ಪೂರ್ತಿ ಮರಳಲಿಲ್ಲ. ತಡವಾಗಿದ್ದಕ್ಕೆ ಅಷ್ಟೇ ಸಾಧ್ಯ ಎಂದರು ಡಾಕ್ಟರು. ಮಿಷನ್ನಿಗೆ ಮೋಟಾರು ಹಾಕಿಸಿದರು. ಅದರ ಗುಂಯ್ ಸದ್ದು ನಮ್ಮ ಮನೆವರೆಗೂ ಕೇಳುತ್ತದೆ. ನನಗೆ ಅದು ನನ್ನ ತರ್ಜುಮೆಯ ಸದ್ದು. ಅದಕ್ಕೇ ರೆಡಿಮೇಡ್.

ಇವತ್ತು ಪಿನ್ನು ಎಸೆದು, ಪೈಜಾಮ ಎತ್ತಿಕೊಂಡು ಹೋದೆ. ಸಾಬರ ಗಡ್ಡ ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ಕಂಡು ಮೋಟಾರು ನಿಲ್ಲಿಸಿದರು. ನಿಂತೇ ಹೇಳಿಬಿಟ್ಟೆ: "ಸಾಬ್ರೇ, ಆವತ್ತು ಡಾಕ್ಟ್ರು ಸರಿಯಾಗೇ ಹೇಳಿದ್ರು. ತಪ್ಪು ಹೇಳಿದೋನು ನಾನು."

ಅವರು ಪೈಜಾಮ ಇಸಿದುಕೊಂಡು, ಬಟ್ಟೆಯನ್ನು ಬೆರಳಲ್ಲಿ ನಿರಿಗೆ ಮಾಡುತ್ತ ಹೋದರು. "ಗೊತ್ತು. ಎರಡನೇ ಸಲ ಹೋದಾಗ್ಲೇ, ಮೊದ್ಲು ಡಾಕ್ಟ್ರು ಏನು ಹೇಳಿದ್ರು ಅಂತ ನರ್ಸಮ್ಮ ಹೇಳಿದ್ರು."

"ಮತ್ತೆ ಇಷ್ಟು ವರ್ಷ ಯಾಕೆ ಕೇಳಲಿಲ್ಲ?"

"ನೀವೇ ಹೇಳ್ತೀರ ಅಂತ ಕಾಯ್ತಾ ಇದ್ದೆ."

ಲಾಡಿಯ ತುದಿ ಹೊರಗೆ ಬಂತು. ಅವರು ಅದಕ್ಕೆ ಗಂಟು ಹಾಕಿ, ಒಮ್ಮೆ ಜಗ್ಗಿ ನೋಡಿ, ನನ್ನ ಕೈಗೆ ಕೊಟ್ಟರು. "ತಗೊಳ್ಳಿ ಮೇಷ್ಟ್ರೇ. ಇನ್ನು ಒಳಗೆ ಹೋಗಲ್ಲ."